ತಮ್ಮನ ನೋವು, ಕತ್ತರಿಗಳ ಕ್ಯಾಟಲಾಗು

ತಪ್ಪು ಕಪಾಟಿನಲ್ಲಿಟ್ಟ ಪುಸ್ತಕ ಕಳೆದುಹೋದ ಪುಸ್ತಕವೇ ಎಂದು ನಮ್ಮ ಕಾಲೇಜಿನ ಅಟೆಂಡರಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತೇನೆ. ಹಾಸನದ ಕಡೆಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿ 19 ವರ್ಷವಾಯಿತು. ಡ್ಯೂಯಿ ಪದ್ಧತಿಯಲ್ಲಿ ಮೇದೋಜೀರಕ ಗ್ರಂಥಿಯ ಕಾಯಿಲೆಗಳಿಗೆ 616.37. ಕುಡಿತದ ಚಟಕ್ಕೆ 616.861. ನಮ್ಮಲ್ಲಿ ವೈದ್ಯಕೀಯದ ಪುಸ್ತಕಗಳೇ ಇಲ್ಲ, ಹಾಗಾಗಿ ಈ ಎರಡು ಚೀಟಿಗಳನ್ನು ನಾನು ಯಾವ ಪುಸ್ತಕದ ಬೆನ್ನಿಗೂ ಅಂಟಿಸಿದವಳಲ್ಲ. ಆದರೂ ಎರಡೂ ಬಾಯಿಪಾಠವಾಗಿವೆ. ಕಾರಣ ನನ್ನ ತಮ್ಮ.

ಅವನಿಗೆ ಆಗ 23. ಅರಸೀಕೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಒಂದು ರಾತ್ರಿ ಊಟವಾದ ಮೇಲೆ ಹೊಟ್ಟೆ ಹಿಡಿದುಕೊಂಡು ಮುದುರಿ ಬಿದ್ದ. ನೋವು ಬೆನ್ನಿಗೆ ಇರಿದ ಹಾಗೆ ಎಂದ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಮೇದೋಜೀರಕದ ಉರಿಯೂತ ಎಂದರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, 'ಎಷ್ಟು ವರ್ಷದಿಂದ ಕುಡಿತೀಯಪ್ಪ?' ಕುಡಿತೀಯಾ ಎಂದಲ್ಲ. ಇಲ್ಲ ಸಾರ್ ಎಂದ. ಅವರು ನನ್ನ ಮುಖ ನೋಡಿ ಸಣ್ಣಗೆ ನಕ್ಕರು.

ಅದು ಮತ್ತೆ ಮತ್ತೆ ಬಂತು. ಎರಡು ವರ್ಷದಲ್ಲಿ ನಾಲ್ಕು ಸಲ ಆಸ್ಪತ್ರೆ. ಕುಡಿತ ಈ ಕಾಯಿಲೆಗೆ ದೊಡ್ಡ ಕಾರಣವೆಂಬುದು ಸುಳ್ಳೇನಲ್ಲ, ಆದ್ದರಿಂದ ಊರಿಗೆ ಇನ್ನೊಂದು ಕಾರಣ ಹುಡುಕುವ ಅಗತ್ಯ ಬೀಳಲಿಲ್ಲ. ಚನ್ನರಾಯಪಟ್ಟಣದ ಕಡೆಯ ಒಂದು ಸಂಬಂಧ ಮಾತುಕತೆಯಾದ ಮೇಲೆ ಮುರಿಯಿತು. ನಾನೂ ಒಂದು ದಿನ ಅವನು ಸ್ನಾನಕ್ಕೆ ಹೋದಾಗ ಅವನ ಬ್ಯಾಗಿಗೆ ಕೈ ಹಾಕಿದೆ. ಸಿಕ್ಕಿದ್ದು ಒಂದು ಸ್ಕ್ರೂಡ್ರೈವರ್ ಸೆಟ್ಟು, ಹೊಟ್ಟೆನೋವಿನ ಮಾತ್ರೆಯ ಮೂರು ಖಾಲಿ ಪಟ್ಟಿಗಳು. ತಿರುಗಿ ನೋಡಿದರೆ ಬಾಗಿಲಲ್ಲಿ ಟವೆಲ್ ಸುತ್ತಿಕೊಂಡು ಅವನು. 'ನೀನೂನಾ ಅಕ್ಕ?' ಎಂದಷ್ಟೇ ಅಂದ.

ಬೆಂಗಳೂರಿನ ಇನ್ನೊಬ್ಬ ವೈದ್ಯರು ವಂಶವಾಹಿ ಪರೀಕ್ಷೆ ಬರೆದುಕೊಟ್ಟರು. ವರದಿಯಲ್ಲಿ ಎರಡು ಪದಗಳ ಕೆಳಗೆ ಗೆರೆ ಎಳೆದಿತ್ತು: ಸ್ಪಿಂಕ್1, ಎನ್34ಎಸ್. ಅದನ್ನು ನಮ್ಮ ಕಾಲೇಜಿನ ಜೀವರಸಾಯನಶಾಸ್ತ್ರದ ಮೇಡಂಗೆ ತೋರಿಸಿದೆ. 'ನಿಮಗೆ ಇಷ್ಟವಾಗುತ್ತೆ ನೋಡಿ, ಇದೂ ಒಂದು ಲೈಬ್ರರಿ ಕ್ಯಾಟಲಾಗೇ' ಎಂದು ಅವರು ಚೀಟಿಯಲ್ಲಿ ಬರೆದುಕೊಟ್ಟ ಹೆಸರು ಮೆರೋಪ್ಸ್. ಮನೆಗೆ ಬಂದು ಹುಡುಕಿದರೆ ಕಳ್ಳಿಪೀರ ಹಕ್ಕಿಯ ಚಿತ್ರಗಳು ಬಂದವು; ಆ ಹಕ್ಕಿಗೂ ವಿಜ್ಞಾನದಲ್ಲಿ ಅದೇ ಹೆಸರು. ಸ್ವಲ್ಪ ಕೆಳಗೆ ಹೋದ ಮೇಲೆ ಸಿಕ್ಕಿತು. ಪ್ರೋಟೀನನ್ನು ಕತ್ತರಿಸುವ ಕಿಣ್ವಗಳನ್ನೆಲ್ಲ ಒಂದೆಡೆ ಜೋಡಿಸಿಟ್ಟ ದತ್ತಾಂಶ ಕೋಶ. ನೀಲ್ ರಾಲಿಂಗ್ಸ್ ಮತ್ತು ಅಲನ್ ಬ್ಯಾರೆಟ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ 1993ರಲ್ಲಿ ಈ ವಿಂಗಡಣೆಯನ್ನು ಪ್ರಕಟಿಸಿ, 1996ರಲ್ಲಿ ಅಂತರ್ಜಾಲಕ್ಕೆ ತಂದರು.

ಅದಕ್ಕೂ ಮೊದಲೇ ಕಿಣ್ವಗಳಿಗೆ ಇ.ಸಿ. ಸಂಖ್ಯೆಗಳಿದ್ದವು, ಥೇಟ್ ನಮ್ಮ ಡ್ಯೂಯಿಯ ಹಾಗೆ. ನಮ್ಮ ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್‌ಗೆ 3.4.21.4. ಈ ಪದ್ಧತಿ ನೋಡುವುದು ಮಾಡುವ ಕೆಲಸವನ್ನು. ಮೆರೋಪ್ಸ್ ನೋಡುವುದು ನೆಂಟಸ್ತಿಕೆಯನ್ನು. ಅಮೈನೋ ಆಮ್ಲಗಳ ಸರವನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹೋಲಿಕೆ ಆಕಸ್ಮಿಕವಲ್ಲ ಎನಿಸಿದರೆ ಒಂದೇ ಕುಟುಂಬ. ಸರದಲ್ಲಿ ಹೋಲಿಕೆ ಮಾಸಿಹೋಗಿದ್ದರೂ ಮಡಿಕೆಯ ಆಕಾರದಲ್ಲಿ ಹಳೆಯ ಸಂಬಂಧ ಕಂಡರೆ ಒಂದೇ ಕುಲ. ಪರಂಗಿಕಾಯಿಯ ಹಾಲಿನಲ್ಲಿರುವ ಪಪೈನ್, ಮಾಂಸ ಬೇಗ ಬೇಯಲೆಂದು ಕಾಯಿಯ ಚೂರು ಹಾಕುತ್ತೇವಲ್ಲ ಅದು, ಸಿ1 ಕುಟುಂಬದ್ದು. ಅನಾನಸ್ಸಿನ ಬ್ರೊಮೆಲೈನ್ ಅದರ ದಾಯಾದಿ. ಟ್ರಿಪ್ಸಿನ್ ಎಸ್1. ಬಟ್ಟೆ ಒಗೆಯುವ ಪುಡಿಗೆ ಬೆರೆಸುವ ಸಬ್ಟಿಲಿಸಿನ್ ಕೂಡ ಟ್ರಿಪ್ಸಿನ್ನಿನ ಹಾಗೆ ಅದೇ ಮೂರು ಅಮೈನೋ ಆಮ್ಲಗಳಿಂದಲೇ ಕತ್ತರಿಸುತ್ತದೆ. ಇ.ಸಿ. ಪದ್ಧತಿಯಲ್ಲಿ ಎರಡೂ 3.4.21ರ ಸಾಲಿನಲ್ಲಿ ಕೂರುತ್ತವೆ. ಮೆರೋಪ್ಸ್ ಮಾತ್ರ ಎರಡನ್ನೂ ಬೇರೆ ಬೇರೆ ಕುಲಕ್ಕೆ ಹಾಕುತ್ತದೆ: ಕಸುಬು ಒಂದೇ, ರಕ್ತಸಂಬಂಧವಿಲ್ಲ. ತಿರುಗಾಮುರುಗಾ ಇರುವುದೂ ಉಂಟು. ನಮ್ಮ ರಕ್ತದ ಹ್ಯಾಪ್ಟೊಗ್ಲೋಬಿನ್ ಎಸ್1 ಮನೆತನದಲ್ಲೇ ಹುಟ್ಟಿದ್ದರೂ ಕತ್ತರಿಸುವ ಜಾಗದ ಅಮೈನೋ ಆಮ್ಲಗಳನ್ನು ಕಳೆದುಕೊಂಡಿದೆ. ಏನನ್ನೂ ಕತ್ತರಿಸುವುದಿಲ್ಲ, ಹಿಮೋಗ್ಲೋಬಿನ್ ಹಿಡಿದುಕೊಂಡು ಓಡಾಡುತ್ತದೆ. ಅದನ್ನು ಮನೆಯಿಂದ ಹೊರಗೆ ಹಾಕಿಲ್ಲ, 'ಕತ್ತರಿಸುವುದಿಲ್ಲ' ಎಂದು ಬರೆದು ಅಲ್ಲೇ ಇಟ್ಟಿದ್ದಾರೆ.

ನನ್ನನ್ನು ತಡೆದು ನಿಲ್ಲಿಸಿದ್ದು ಯು ಎಂಬ ಅಕ್ಷರದ ಕಪಾಟು. ಕತ್ತರಿಸುವುದು ಗೊತ್ತು, ಹೇಗೆ ಎಂಬುದು ಗೊತ್ತಾಗಿಲ್ಲ ಎನ್ನುವ ಕಿಣ್ವಗಳನ್ನು ಅಲ್ಲಿಡುತ್ತಾರೆ. ತಿಳಿದ ಮೇಲೆ ಅದರ ಜಾಗಕ್ಕೆ ಎತ್ತಿಡುತ್ತಾರೆ. ನಮ್ಮ ಮನೆಯಲ್ಲಿ ಅಂಥದೊಂದು ಕಪಾಟು ಇರಲಿಲ್ಲ. ಎರಡು ವರ್ಷ ಅವನನ್ನು ಅಲ್ಲಿ ಇಡಬಹುದಿತ್ತು.

ಅವನ ವರದಿಯ ಸ್ಪಿಂಕ್1 ಎಲ್ಲಿದೆ ಎಂದು ಹುಡುಕಿದೆ. ಅದು ಕತ್ತರಿಯಲ್ಲ, ಕತ್ತರಿಗೆ ಹಾಕುವ ಒರೆ. ಮೆರೋಪ್ಸಿನಲ್ಲಿ ತಡೆಯುವ ಪ್ರೋಟೀನ್‌ಗಳಿಗೂ ಬೇರೆ ವಿಭಾಗವಿದೆ. ಇದು ಐ1 ಕುಟುಂಬ, 1948ರಲ್ಲಿ ಇಂಥದೊಂದನ್ನು ಬೇರ್ಪಡಿಸಿದ ಕಜಾಲ್ ಎಂಬಾತನ ಹೆಸರಿನದು. ಮೇದೋಜೀರಕ ಟ್ರಿಪ್ಸಿನ್ನನ್ನು ಮೊಂಡು ರೂಪದಲ್ಲಿ ತಯಾರಿಸುತ್ತದೆ. ಸಣ್ಣ ಕರುಳು ಸೇರಿದ ಮೇಲೆ ಇನ್ನೊಂದು ಕಿಣ್ವ ಅದರ ತುದಿಯನ್ನು ಕತ್ತರಿಸಿದಾಗಲೇ ಅದು ಹರಿತವಾಗುವುದು. ಅಕಸ್ಮಾತ್ ಗ್ರಂಥಿಯೊಳಗೇ ಹರಿತವಾದರೆ ತನ್ನ ಮನೆಯನ್ನೇ ಜೀರ್ಣಿಸಲು ತೊಡಗುತ್ತದೆ; ಆಗ ಬಂದು ಹಿಡಿಯಬೇಕಾದದ್ದು ಈ ಸ್ಪಿಂಕ್1. ಎನ್34ಎಸ್ ಎಂದರೆ ಆ ಸರದ 34ನೇ ಮಣಿ ಬದಲಾಗಿದೆ ಎಂದು. 2002ರಲ್ಲಿ ಹೈದರಾಬಾದಿನ ಸಿಸಿಎಂಬಿಯವರು, ನಮ್ಮ ಕಡೆ ಕುಡಿತವಿಲ್ಲದೆಯೂ ಬರುವ ಮೇದೋಜೀರಕದ ಕಾಯಿಲೆಯಲ್ಲಿ ಇದೇ ಬದಲಾವಣೆ ಹೆಚ್ಚಾಗಿ ಕಾಣುತ್ತದೆಂದು ಪ್ರಕಟಿಸಿದ್ದರು. ಅದಕ್ಕೆ ಮೊದಲು ಬಡತನವನ್ನೂ ಮರಗೆಣಸನ್ನೂ ದೂರುತ್ತಿದ್ದರಂತೆ. ಇದು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಇದೊಂದೇ ಸಾಲುವುದೂ ಇಲ್ಲ. ಪರೀಕ್ಷೆ ಮಾಡಿಸಿದರೆ ನನ್ನೊಳಗೂ ಇದ್ದೀತು.

ಇಷ್ಟನ್ನೂ ಓದಿಕೊಂಡು ನಾನು ಗೆದ್ದವಳ ಹಾಗೆ ಅವನಿಗೆ ಫೋನ್ ಮಾಡಿದೆ. 'ನೋಡೋ, ನಿನ್ನ ತಪ್ಪಿಲ್ಲ ಅಂತ ಇಲ್ಲಿ ಬರ್ದಿದೆ' ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕುಡ್ದಿದ್ರೆ ನೋವು ಕಮ್ಮಿ ಆಗ್ತಿತ್ತೇನಕ್ಕ?' ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಅವನು ಊಟದ ಜೊತೆ ಕಿಣ್ವದ ಕ್ಯಾಪ್ಸೂಲ್ ನುಂಗುತ್ತಾನೆ. ಹಂದಿಯ ಮೇದೋಜೀರಕದಿಂದ ತೆಗೆದದ್ದು, ಅಮ್ಮನಿಗೆ ಹೇಳಿಲ್ಲ. ಅದರೊಳಗಿನ ಟ್ರಿಪ್ಸಿನ್ನೂ ಎಸ್1 ಮನೆತನದ್ದೇ. ಕಳೆದ ಯುಗಾದಿಗೆ ಬಂದಿದ್ದ. ಹೋಳಿಗೆಯ ಮೇಲೆ ತುಪ್ಪ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದು, ಸ್ಟೀಲ್ ಡಬ್ಬಿಯಿಂದ ಎರಡು ಕ್ಯಾಪ್ಸೂಲ್ ತೆಗೆದುಕೊಂಡ.

'ಅಕ್ಕ, ನಿನ್ ಲೈಬ್ರರೀಲಿ ನಾನೀಗ ಎಷ್ಟನೇ ನಂಬರು?'

'616.37.'

'ಮೊದ್ಲು ಎಲ್ಲಿಟ್ಟಿದ್ದೆ?'

ಅಮ್ಮ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ನಾನು ಎದ್ದು ಅವಳ ಕೈಯಿಂದ ಪಾತ್ರೆ ಇಸಿದುಕೊಂಡು ಅವನಿಗೆ ಬಡಿಸಿದೆ.