ನೀಲಿಯು ನೀಲಿಯಾಗಿಯೇ

ಬೀದರ ನಗರದಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿ ಮುಗಿಸಿದ ಮದರಸೆಯ ಮುಖಭಿತ್ತಿಯ ಮೇಲೆ, ಐದು ಶತಮಾನಗಳ ಬಿಸಿಲುಮಳೆಗಳನ್ನು ಸಹಿಸಿ ಅಲ್ಲಲ್ಲಿ ಉಳಿದಿರುವ ಮೆರುಗುಬಿಲ್ಲೆಗಳ ನೀಲಿಯನ್ನೂ ಹಸುರನ್ನೂ ಛಾಯಾಚಿತ್ರದಲ್ಲಿ ಹಿಡಿದು, ದೂರದಲ್ಲಿ ನೋಡುವವರ ಕಣ್ಣಿಗೂ ಅದೇ ನೀಲಿಯಾಗಿ, ಅದೇ ಹಸುರಾಗಿ ತಲುಪಿಸಬೇಕೆಂಬುದು ನನ್ನ ಬಹುಕಾಲದ ಹಂಬಲ. ಡಾಬಕಾದ ಮನೆಯಲ್ಲಿ ಸಂಜೆಯ ಹೊತ್ತು ಮಾನಿಟರಿನ ಮುಂದೆ ಕುಳಿತು ಈ ಕೆಲಸದಲ್ಲಿ ತೊಡಗಿದಾಗ ದೊರೆಯುವ ಆನಂದವು ಚಿತ್ರ ತೆಗೆಯುವ ಆನಂದಕ್ಕಿಂತ ಕಿರಿದೆಂದು ನಾನೆಂದೂ ಭಾವಿಸಿಲ್ಲ.

ಫೈಲಿನಲ್ಲಿರುವುವು ಕೇವಲ ಸಂಖ್ಯೆಗಳು. ಕೆಂಪು, ಹಸುರು, ನೀಲಿಗಳಿಗೆ ಒಂದೊಂದರಂತೆ ಇರುವ ಅವು ಯಾವ ವರ್ಣವನ್ನು ಸೂಚಿಸುತ್ತವೆಂಬುದನ್ನು ಜೊತೆಯಲ್ಲಿ ಸಾಗುವ ಪ್ರೊಫೈಲ್ ಹೇಳಬೇಕು. ಅಡೋಬಿ ಆರ್‌ಜಿಬಿ ಎಂಬ ವರ್ಣಾವಕಾಶದ ವ್ಯಾಪ್ತಿಯು ಹಸುರಿನ ಕಡೆಗೆ ಎಸ್‌ಆರ್‌ಜಿಬಿ ಎಂಬ ಇನ್ನೊಂದಕ್ಕಿಂತ ಹಿರಿದು. ಅಡೋಬಿ ಆರ್‌ಜಿಬಿಯ ಫೈಲಿನಿಂದ ಪ್ರೊಫೈಲ್ ಕಳಚಿಹೋಗಿ, ಪರದೆಯು ಅವೇ ಸಂಖ್ಯೆಗಳನ್ನು ಎಸ್‌ಆರ್‌ಜಿಬಿಯೆಂದು ಗ್ರಹಿಸಿತೆಂದರೆ, ಮದರಸೆಯ ಹಸುರು ಬಾಡಿ ಇಡೀ ಭಿತ್ತಿಯೇ ಬೂದಿ ಬಳಿದಂತೆ ಮಂಕಾಗುತ್ತದೆ.

ಪ್ರೊಫೈಲ್ ಸರಿಯಿದ್ದರೂ ಪರದೆಯೇ ತಪ್ಪು ತೋರಿಸಬಾರದಾದುದರಿಂದ, ಎಲ್ಲಕ್ಕಿಂತ ಮೊದಲು ಮಾನಿಟರನ್ನು ಹದಗೊಳಿಸಬೇಕು. ವರ್ಣವನ್ನು ಅಳೆಯುವ ಕ್ಯಾಲಿಬ್ರೇಟರನ್ನು ಪರದೆಗೆ ಒರಗಿಸಿ, ಬಿಳುಪನ್ನು 6500 ಕೆಲ್ವಿನ್ನಿಗೂ ಗಾಮಾವನ್ನು 2.2ಕ್ಕೂ ನಿಲ್ಲಿಸಿ, ಪ್ರಖರತೆಯನ್ನು ಕೋಣೆಯ ಬೆಳಕಿಗೆ ಹೊಂದುವಂತೆ ತಗ್ಗಿಸಿದ ಮೇಲೆ, ನಾನು ತೆರೆದು ನೋಡುವುದು ಒಂದು ಬಿದರಿ ಹೂಜಿಯ ಚಿತ್ರವನ್ನು. ಸತು ತಾಮ್ರಗಳ ಎರಕದಲ್ಲಿ ಬೆಳ್ಳಿಯ ಎಳೆಗಳನ್ನು ಕೂರಿಸಿ, ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಕಪ್ಪೇರಿಸಿದ ಆ ಪಾತ್ರೆಯಲ್ಲಿ ಬಣ್ಣವೆಂಬುದೇ ಇಲ್ಲದಿರುವುದರಿಂದ, ಪರದೆಯ ನೆರಳುಗಳಲ್ಲಿ ಅಡಗಿದ ನೀಲಿಯಾಗಲಿ ನೇರಳೆಯಾಗಲಿ ಅದರ ಕಪ್ಪಿನಲ್ಲಿ ತಟ್ಟನೆ ಬಯಲಾಗುತ್ತದೆ. ಇದಕ್ಕಿಂತ ಪ್ರಾಮಾಣಿಕವಾದ ಪರೀಕ್ಷಕನನ್ನು ನಾನು ಕಾಣೆ. ಆದರೆ ಬೆಳ್ಳಿಯು ಸುತ್ತಲ ಗೋಡೆಗಳನ್ನೆಲ್ಲ ಪ್ರತಿಬಿಂಬಿಸುವುದರಿಂದ, ವೈಟ್ ಬ್ಯಾಲೆನ್ಸಿಗೆ ಮಾತ್ರ ಬೂದುಬಣ್ಣದ ಕಾರ್ಡನ್ನೇ ನಂಬಬೇಕು.

ಬೀದರದ ಬಳಿಯ ಅಷ್ಟೂರಿನಲ್ಲಿ ಆ ಕಾರ್ಡಿನ ಬೆಲೆ ತಿಳಿಯುತ್ತದೆ. ಬಹಮನಿ ಸುಲ್ತಾನ ಅಹ್ಮದ್ ಶಾಹನ ಗೋರಿಯ ಒಳಗೆ, ಮಬ್ಬುಗತ್ತಲೆಯಲ್ಲಿ ಅಡಗಿರುವ ಕೆಂಪು ಮತ್ತು ಸುವರ್ಣದ ಚಿತ್ರಗಳ ಮೇಲೆ ಕನ್ನಡಿಯಿಂದ ಬಿಸಿಲನ್ನು ಹಾಯಿಸಿದಾಗ, ಬೆಳಕು ಬಿದ್ದೆಡೆ ಒಂದು ಛಾಯೆ, ಬಾಗಿಲಿನಿಂದ ಬರುವ ಹಗಲಿಗೆ ಇನ್ನೊಂದು ಛಾಯೆ. ಕಾರ್ಡನ್ನು ಆ ಬಿಸಿಲಿನ ತುಂಡಿನಲ್ಲಿಯೇ ಹಿಡಿದು ಒಂದು ಚಿತ್ರ ತೆಗೆದುಕೊಳ್ಳದಿದ್ದರೆ, ಮನೆಗೆ ಬಂದ ಬಳಿಕ ಆ ಕೆಂಪು ಎಂಥದಾಗಿತ್ತೆಂದು ನೆನಪಿನಿಂದ ನಿರ್ಣಯಿಸುವುದು ಅಸಾಧ್ಯ. ನೆನಪು ಯಾವಾಗಲೂ ವರ್ಣವನ್ನು ಗಾಢಗೊಳಿಸುತ್ತದೆ.

ಹಂಚುವ ಚಿತ್ರಕ್ಕೆ ಪ್ರತ್ಯೇಕವಾಗಿ ಒಂದು ಪ್ರತಿಯನ್ನು ಮಾಡಿ, ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಪ್ರೊಫೈಲನ್ನು ಅದರಲ್ಲಿಯೇ ಅಡಕಮಾಡಿ, ವಾಟ್ಸ್‌ಆಪಿನಲ್ಲಿ ಫೋಟೋ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳುಹಿಸುತ್ತೇನೆ; ಆಗ ಅದು ಹಿಂಡಿಹೋಗದೆ ಇದ್ದಂತೆಯೇ ತಲುಪುತ್ತದೆ. ಭಾಲ್ಕಿಯ ಹಿರಿಯ ಮಿತ್ರರೊಬ್ಬರಿಗೆ ಮಾತ್ರ ಮತ್ತೊಂದು ಬಿನ್ನಹವನ್ನೂ ಸೇರಿಸುವುದುಂಟು: “ಫೋನಿನ ಪರದೆಯನ್ನು ವಿವಿಡ್‌ನಿಂದ ನ್ಯಾಚುರಲ್‌ಗೆ ತಿರುಗಿಸಿ ನೋಡಿರಿ.”