ಗೋಡೆಗೂ ಬಾಯುಂಟು

ಗೋಡೆಗೆ ಕಿವಿಯುಂಟೆಂದು ಹಿರಿಯರು ಹೇಳಿದ್ದಾರೆ. ಅದಕ್ಕೆ ಬಾಯಿಯೂ ಉಂಟೆಂಬುದು ನನಗೆ ತಿಳಿದದ್ದು ಬೆಸಗರಹಳ್ಳಿಯ ನಮ್ಮ ಹಳೆಯ ಮನೆಗೆ ಬಣ್ಣ ಬಳಿಸಿದ ಮೇಲೆ.

ತಂದೆಯವರ ಕಾಲದಲ್ಲಿ ಆ ಮನೆಗೆ ಯುಗಾದಿಗೊಮ್ಮೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಅಷ್ಟೇ ಸಿಂಗಾರ. ಶ್ರಾವಣದಲ್ಲಿ ಮಗಳ ಮದುವೆಯೆಂದು ಗೊತ್ತಾದಾಗ, ಬೆಂಗಳೂರಿನ ವಾಸಿಯಾದ ನನಗೆ ಅದು ಸಾಲದೆನಿಸಿತು. ಉದುರಿದ್ದ ಕಡೆಗೆಲ್ಲ ಸಿಮೆಂಟಿನ ಗಿಲಾವು ಮಾಡಿಸಿ, ವಾರ ಕಳೆಯುವುದರೊಳಗೆ ಮದ್ದೂರಿನಿಂದ ಬಣ್ಣದ ಡಬ್ಬಿಗಳನ್ನು ತಂದಿಳಿಸಿದೆ.

ಬಣ್ಣದ ಕೆಲಸದ ಮುದುಕ ಗೋಡೆಯ ಮೇಲೆ ಅಂಗೈಯಿಟ್ಟು, "ಸ್ವಾಮಿ, ಇನ್ನೂ ಹಸೀನೇ ಅದೆ. ಒಂದು ತಿಂಗ್ಳು ತಡೀರಿ" ಎಂದ.

"ಲಗ್ನ ತಡೆಯುವುದಿಲ್ಲವಲ್ಲಪ್ಪ!" ಎಂದೆ.

ಲಗ್ನವೇನೋ ಸಾಂಗವಾಗಿ ನೆರವೇರಿತು. ಆದರೆ ಮಂಡ್ಯ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೇ ಜೋರು. ಅದು ನಿಲ್ಲುವಷ್ಟರಲ್ಲಿ ಗೋಡೆಯ ತುಂಬ ಗುಳ್ಳೆಗಳು! ಬೆರಳಿನಿಂದ ಒತ್ತಿದರೆ ಬಣ್ಣ ಹಪ್ಪಳದಂತೆ ಮುರಿದು ಬೀಳುತ್ತಿತ್ತು. ಒಳಗೆ ಬಿಳಿಯ ಪುಡಿ. ಬಡಗಣ ಗೋಡೆಗೆ ಪಾಚಿ. ದೀಪಾವಳಿಗೆ ಮುದುಕ ಬಾಕಿ ಕೂಲಿ ಕೇಳಲು ಬಂದಾಗ, "ಇಂಥ ಕೆಲಸಕ್ಕೆ ಕೂಲಿ ಬೇರೆಯೆ?" ಎಂದು ನಾಲ್ಕು ಜನರೆದುರಿಗೆ ಗದರಿದೆ. ಅವನು ಮರುಮಾತಿಲ್ಲದೆ ಹೊರಟುಹೋದ.

ಕೆಲವು ದಿನಗಳ ಮೇಲೆ ಎಂಜಿನಿಯರ್ ಮಿತ್ರರೊಬ್ಬರು ಬಂದು ನೋಡಿ ನಕ್ಕರು. ಸಿಮೆಂಟಿನ ಹೊಸ ಗಿಲಾವಿಗೆ 7 ದಿನವಾದರೂ ನೀರುಣಿಸಿ, ಬಳಿಕ ಆರಲು ಬಿಡಬೇಕು; ಒಟ್ಟಿನಲ್ಲಿ 28 ದಿನ ಕಾಯುವುದು ವಾಡಿಕೆ. ಅವಸರಪಟ್ಟರೆ ಗಿಲಾವಿನ ಕ್ಷಾರವು ಬಣ್ಣವನ್ನು ತಿನ್ನುತ್ತದೆ. ಒಳಗಿನ ತೇವ ಹೊರಗೆ ಬರುವಾಗ ಇಟ್ಟಿಗೆ ಗಾರೆಗಳ ಲವಣವನ್ನು ಕರಗಿಸಿ ತರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ; ಆ ಬಿಳಿಯ ಪುಡಿ ಅದೇ. ಸುಣ್ಣವು ತೇವಕ್ಕೆ ದಾರಿ ಬಿಡುತ್ತದೆ. ಪ್ಲಾಸ್ಟಿಕ್ಕಿನ ಪೊರೆಯಂಥ ಬಣ್ಣ ಅದನ್ನು ತಡೆಯುತ್ತದೆ. ಗುಳ್ಳೆ ಏಳದೆ ಇನ್ನೇನಾದೀತು? ಹಳೆಯ ಸುಣ್ಣದ ಹುಡಿಯನ್ನು ಕೆರೆಯದೆ ಬಳಿದರೆ ಬಣ್ಣ ಹಿಡಿಯುವುದು ಗೋಡೆಯನ್ನಲ್ಲ, ಹುಡಿಯನ್ನು. ಬಿಸಿಲು ಕಡಮೆಯಾದ ಬಡಗಣ ಗೋಡೆ ಬೇಗ ಆರದೆ ಪಾಚಿ ಕಟ್ಟುತ್ತದೆ.

"ಇದನ್ನು ನಿಮಗೆ ಯಾರೂ ಹೇಳಲಿಲ್ಲವೆ?" ಎಂದು ಮಿತ್ರರು ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಮರುದಿನ ಹಣ ಹಿಡಿದು ಮುದುಕನ ಮನೆಗೆ ಹೋಗಿ, ತಪ್ಪು ನನ್ನದೆಂದೆ. ಅವನು ನೋಟುಗಳನ್ನು ಎಣಿಸದೆ ಮಡಿಸಿಟ್ಟುಕೊಂಡು, "ಬ್ಯಾಸ್ಗೆ ಬರ್ಲಿ ಸ್ವಾಮಿ, ಎಲ್ಲಾ ಕೆರೆದು ಸುಣ್ಣ ಹೊಡೆಯೋವ" ಎಂದ.

ಬರುವ ಬೇಸಗೆಯಲ್ಲಿ ಅವನೇ ಬರುತ್ತಾನೆ. ಆ ದಿನ ಆ ನಾಲ್ಕು ಜನರನ್ನೂ ಕಾಫಿಗೆ ಕರೆಯಬೇಕೆಂದಿದ್ದೇನೆ.