ಕಿತ್ತೂರಿನಿಂದ ಶಬರಿಕೊಳ್ಳದವರೆಗೆ: ಆಂಗ್ಲ ಕವಿಗಳ ಸಂಗಡ ಒಂದು ಪ್ರವಾಸ

ವಾಚಕ ಮಹಾಶಯರಲ್ಲಿ ಮೊದಲು ಒಂದು ತಪ್ಪೊಪ್ಪಿಗೆಯನ್ನು ಅರಿಕೆ ಮಾಡಿಕೊಳ್ಳುವೆನು. ಮೂವತ್ತು ವರ್ಷಗಳಿಗೂ ಮಿಕ್ಕಿ ನಾನು ಮಾಧ್ಯಮಿಕ ಶಾಲೆಯಲ್ಲಿ ಸಂಸ್ಕೃತವನ್ನೂ, ಅಗತ್ಯ ಬಿದ್ದಾಗ ಇಂಗ್ಲಿಷನ್ನೂ ಕಲಿಸಿದವನು. ಒಂದು ಮಧ್ಯಾಹ್ನ ಚಾರ್ಲ್ಸ್ ವುಲ್ಫ್ ಎಂಬ ಐರಿಶ್ ಪಾದ್ರಿಯು ಸರ್ ಜಾನ್ ಮೂರನ ಶವಸಂಸ್ಕಾರವನ್ನು ಕುರಿತು ರಚಿಸಿದ ಪದ್ಯವನ್ನು ಹೇಳಿಕೊಡುತ್ತಿದ್ದೆನು. 1809ರ ಜನವರಿ 16ರಂದು ಸ್ಪೇನ್ ದೇಶದ ಕೊರುನ್ನಾದಲ್ಲಿ ಫ್ರೆಂಚರೊಡನೆ ಕಾದಾಡುತ್ತ ಆ ಸೇನಾಪತಿಯು ಮಡಿದನು. ಹಡಗು ಹತ್ತುವ ಅವಸರದಲ್ಲಿ ಅವನ ಸೈನಿಕರು ವಾದ್ಯವಿಲ್ಲದೆ, ವೈಭವವಿಲ್ಲದೆ ಅವನನ್ನು ಕೋಟೆಯ ದಿಬ್ಬದಲ್ಲಿ ಮಣ್ಣು ಮಾಡಿದರು. ವುಲ್ಫನು ಆ ಯುದ್ಧವನ್ನು ಕಂಡವನಲ್ಲ. ವೃತ್ತಾಂತವನ್ನು ಓದಿ ಕರಗಿ ಬರೆದನು. ಪದ್ಯವು 1817ರಲ್ಲಿ ಅಚ್ಚಾಯಿತು. 1823ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ, ಕವಿಯೂ ತೀರಿಕೊಂಡನು. ಇಷ್ಟನ್ನು ನಾನು ವಿವರಿಸುತ್ತಿರಲು ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, “ಸರ್ರ, ನಮ್ಮ ರಾಯಣ್ಣನ ಮ್ಯಾಲೂ ಇಂಥಾ ಪದಾ ಐತೇನ್ರಿ?” ಎಂದು ಕೇಳಿದನು.

ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಆಗಲಿಲ್ಲ. “ಅದು ಪರೀಕ್ಷೆಗೆ ಇಲ್ಲ, ಕೂಡ್ರು” ಎಂದೆನು. ಹುಡುಗನು ಕುಳಿತನು; ಆ ಪ್ರಶ್ನೆ ಮಾತ್ರ ಕುಳಿತುಕೊಳ್ಳಲಿಲ್ಲ. ನಿವೃತ್ತನಾದ ಬಳಿಕ, ಹಳೆಯದೊಂದು ಆಂಗ್ಲ ಪದ್ಯಸಂಗ್ರಹವನ್ನು ಚೀಲದಲ್ಲಿಟ್ಟುಕೊಂಡು ನಾನು ನಮ್ಮ ಸೀಮೆಯ ನಾಲ್ಕು ಊರುಗಳಿಗೆ ಹೊರಟದ್ದು ಆ ಪ್ರಶ್ನೆಯ ಋಣವನ್ನು ತೀರಿಸುವದಕ್ಕೆ.

ಮೊದಲನೆಯದು ಕಿತ್ತೂರು. ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಆ ಮುರಿದ ವಾಡೆಯೂ ಕೋಟೆಯ ಗೋಡೆಗಳೂ ಇರುವವು. 1824ರ ಅಕ್ಟೋಬರ್ 23ರಂದು ಈ ಬಾಗಿಲ ಮುಂದೆಯೇ ಧಾರವಾಡದ ಕಲೆಕ್ಟರನಾಗಿದ್ದ ಸೇಂಟ್ ಜಾನ್ ಥ್ಯಾಕರೆಯು ರಾಣಿ ಚೆನ್ನಮ್ಮನ ಜನರ ಕೈಯಿಂದ ಹತನಾದನು. ಇವನು ಆಂಗ್ಲ ಸಾಹಿತ್ಯದಲ್ಲಿ ಹೆಸರಾದ ವಿಲಿಯಮ್ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪನೆಂಬದು ಅನೇಕರಿಗೆ ತಿಳಿಯದು. ಕಲಕತ್ತೆಯಲ್ಲಿ 1811ರಲ್ಲಿ ಹುಟ್ಟಿದ ಆ ಕಾದಂಬರಿಕಾರನು ಲಾವಣಿಗಳನ್ನೂ ಬರೆದವನು. ಕಿತ್ತೂರಿನ ಸುದ್ದಿ ವಿಲಾಯತಿಗೆ ಮುಟ್ಟುವ ಹೊತ್ತಿಗೆ ಅವನಿನ್ನೂ ಶಾಲೆಯ ಹುಡುಗ. ನಮ್ಮ ಮನೆಗಳಲ್ಲಿ ವಿಜಯದ ಕಥೆಯಾದದ್ದು ಸಮುದ್ರದಾಚೆಯ ಒಂದು ಮನೆಯಲ್ಲಿ ಸೂತಕದ ಸುದ್ದಿಯಾಯಿತಲ್ಲವೆ! ಇದನ್ನು ನೆನೆದು ನನ್ನ ಅಭಿಮಾನವು ಕುಗ್ಗಲಿಲ್ಲ, ಆದರೆ ಸ್ವಲ್ಪ ಮೆತ್ತಗಾಯಿತು.

ಅಲ್ಲಿಂದ ಬೈಲಹೊಂಗಲಕ್ಕೆ ಬಂದೆನು. ಹತ್ತಿಯ ಪೇಟೆಯೆಂದು ಪ್ರಸಿದ್ಧವಾದ ಊರು. ಅದೇ ವರ್ಷದ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದ ಮೇಲೆ ರಾಣಿಯನ್ನು ಇಲ್ಲಿಯ ಕೋಟೆಯಲ್ಲಿ ಸೆರೆಯಿಟ್ಟರು. 1829ರಲ್ಲಿ ಸೆರೆಯಲ್ಲಿಯೇ ಆಕೆ ದೇಹಬಿಟ್ಟಳು. ಸಮಾಧಿಯ ಬಳಿ ಕುಳಿತಾಗ ನನಗೆ ತಾಮಸ್ ಗ್ರೇ ಕವಿಯ ಶೋಕಗೀತವು ನೆನಪಾಯಿತು. ಒಂದು ಹಳ್ಳಿಯ ಸ್ಮಶಾನದಲ್ಲಿ ಸಂಜೆ ನಿಂತು, ಹೆಸರಿಲ್ಲದೆ ಮಣ್ಣಾದ ಒಕ್ಕಲಿಗರಿಗಾಗಿ ಅವನು ಅದನ್ನು ರಚಿಸಿದನು. ವರುಷಗಳ ತನಕ ತಿದ್ದಿ ತೀಡಿ 1751ರಲ್ಲಿ ಪ್ರಕಟಿಸಿದನು. 1771ರಲ್ಲಿ ತೀರಿಕೊಂಡಾಗ ಸ್ಟೋಕ್ ಪೋಜಸ್ ಎಂಬ ಹಳ್ಳಿಯ ಇಂಥದೇ ಸ್ಮಶಾನದಲ್ಲಿ ತಾಯಿಯ ಮಗ್ಗುಲಲ್ಲಿಯೇ ಅವನನ್ನು ಹೂಳಿದರು. ರಾಣಿಗೆ ಸಮಾಧಿಯುಂಟು, ಉತ್ಸವವುಂಟು. ಆಕೆಗಾಗಿ ಸತ್ತ ನೂರಾರು ಮಂದಿಯ ಹೆಸರೆಲ್ಲಿ? ಗ್ರೇ ಕವಿಯು ಕೇಳಿದ್ದು ಇದನ್ನೇ. ಪರದೇಶದ ಕವಿಯೊಬ್ಬನು ನನ್ನ ಊರಿನ ಮಣ್ಣನ್ನು ನನಗೆ ತೋರಿಸಿಕೊಟ್ಟನು.

ಬೈಲಹೊಂಗಲ ತಾಲೂಕಿನಲ್ಲಿಯೇ ವಕ್ಕುಂದವೆಂಬ ಗ್ರಾಮವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆಗಳೊಡನೆ ಹೆಸರಿಸಿದ ಒಕ್ಕುಂದವು ಇದೇ ಎಂದು ಪಂಡಿತರು ಹೇಳುವರು. ಸಂಸ್ಕೃತದವನಾದ ನನಗೆ ಆ ಗ್ರಂಥದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅದು ಬಹುಮಟ್ಟಿಗೆ ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿದ್ದು. ಹೊರಗಿನ ಮಾದರಿಯನ್ನು ಮುಂದಿಟ್ಟುಕೊಂಡೇ ಶ್ರೀವಿಜಯನು ಕನ್ನಡದ ಸೊಗಸನ್ನು ಕಂಡುಕೊಂಡನು. ಅನ್ಯರ ದೀಪದಿಂದ ತನ್ನ ದೀಪವನ್ನು ಹಚ್ಚಿಕೊಂಡವನನ್ನು ಸಾಲಗಾರನೆನ್ನಬಹುದೆ?

ಅಲ್ಲಿಯ ಹೊಲವೊಂದರಲ್ಲಿ ಕಳೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ಏನನ್ನೋ ಗುನುಗುತ್ತಿದ್ದಳು. ಕಿವಿಗೊಟ್ಟು ಕೇಳಲು ಅದು ಸಂಗೊಳ್ಳಿ ರಾಯಣ್ಣನ ಪದವೇ! “ಅವ್ವಾ, ಇನ್ನೊಮ್ಮೆ ಹೇಳರಿ, ಬರಕೋತೀನಿ” ಎಂದು ಹೊತ್ತಗೆಯನ್ನು ತೆಗೆದೆನು. ಆಕೆ ನಕ್ಕು, “ಬರಕೊಂಡ್ರ ಏನ ಬಂತೋ ಮಾಸ್ತರಾ? ಪದಾ ಹಾಡಾಕಂತ ಇರೂದು. ಹಾಡವರ ಇಲ್ಲಂದ್ರ ಹಾಳ್ಯಾಗ ಅದು ಉಸಿರ ಆಡತೈತೇನ?” ಎಂದಳು. ನಾನು ಬೆರಗಾದೆನು. ಸ್ಕಾಟ್ಲೆಂಡಿನ ಗಡಿನಾಡಿನ ಲಾವಣಿಗಳನ್ನು ಕೂಡಿಸಿ 1802ರಿಂದ ಅಚ್ಚು ಹಾಕಿಸಿದ ವಾಲ್ಟರ್ ಸ್ಕಾಟನಿಗೆ ಕುರುಬ ಕವಿ ಜೇಮ್ಸ್ ಹಾಗ್‌ನ ತಾಯಿ ಗದರಿಸಿದ್ದೂ ಹೀಗೆಯೇ: ಹಾಡುಗಳು ಹಾಡುವದಕ್ಕೆ ಇದ್ದವು, ನೀನು ಅಚ್ಚು ಹಾಕಿಸಿ ಅವನ್ನು ಕೆಡಿಸಿದೆ ಎಂದು. ಎರಡು ಖಂಡಗಳ ಇಬ್ಬರು ಮುದುಕಿಯರ ಬಾಯಲ್ಲಿ ಒಂದೇ ಮಾತು!

ಆದರೂ ಬರೆದಿಡದಿದ್ದರೆ ಗತಿಯೇನು? ಸ್ಕಾಟನಿಗಿಂತ ಮೊದಲು, 1765ರಲ್ಲಿ, ಇಂಗ್ಲೆಂಡಿನ ಹಳೆಯ ಲಾವಣಿಗಳನ್ನು ಪ್ರಕಟಿಸಿದ ತಾಮಸ್ ಪರ್ಸಿಯ ಕಥೆಯನ್ನು ಕೇಳಿರಿ. ಅವನು ಗೆಳೆಯನ ಮನೆಗೆ ಹೋದಾಗ ಅಲ್ಲಿಯ ಕೆಲಸದ ಹೆಂಗಸರು ಹಳೆಯದೊಂದು ಕೈಬರಹದ ಹೊತ್ತಗೆಯ ಹಾಳೆಗಳನ್ನು ಹರಿದು ಒಲೆ ಹೊತ್ತಿಸುತ್ತಿದ್ದರು. ಪರ್ಸಿಯು ಅದನ್ನು ಬೇಡಿ ತಂದನು. ಅವನ ಗ್ರಂಥಕ್ಕೆ ಅದೇ ಮೂಲವಾಯಿತು. ಆ ಗ್ರಂಥವನ್ನೋದಿ ಬೆಳೆದವನೇ ಸ್ಕಾಟನು. ಒಂದು ಒಲೆಯ ಬಾಯಿಂದ ಒಂದು ನಾಡಿನ ಕಾವ್ಯವು ಪಾರಾಯಿತು.

ಮೂರನೆಯ ಊರು ಸವದತ್ತಿ. ರಟ್ಟ ಅರಸರ ಸುಗಂಧವರ್ತಿಯು ಇದೇ. ಗುಡ್ಡದ ಮೇಲೆ ರೇಣುಕಾ ಎಲ್ಲಮ್ಮ. ಹುಣ್ಣಿಮೆಗಳಲ್ಲಿ ಚೌಡಿಕೆಯ ನಾದ, ಭಂಡಾರದ ಹಳದಿ. ಇಲ್ಲಿಯ ರಟ್ಟ ಶಾಸನಗಳನ್ನು ಓದಿ ಪ್ರಕಟಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಆಂಗ್ಲ ಅಧಿಕಾರಿ. ಶಿಲೆಯ ಅಕ್ಷರಗಳಿಂದಷ್ಟೇ ಅವನು ತೃಪ್ತನಾಗಲಿಲ್ಲ. ಜನರ ಬಾಯಲ್ಲಿದ್ದ ಕನ್ನಡ ಲಾವಣಿಗಳನ್ನೂ ಕೂಡಿಸಿ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಅವುಗಳಲ್ಲಿ ಹಲಗಲಿಯ ಬೇಡರ ಬಂಡಾಯದ ಲಾವಣಿಯುಂಟು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಉಂಟು. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ಸರಕಾರದ ಅಧಿಕಾರಿಯೇ ಅವನ ಹಾಡನ್ನು ಉಳಿಸಿಕೊಟ್ಟನೆಂದರೆ ವಿಧಿಯ ವಿಚಿತ್ರವನ್ನು ಏನೆನ್ನೋಣ! ಹಿಂದಿನ ಸಾಲಿನ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರವು ನೂರು ವರ್ಷಗಳ ಹಿಂದೆಯೇ ಅಚ್ಚಾಗಿತ್ತು. ನಾನು ಹುಡುಕಿರಲಿಲ್ಲ, ಅಷ್ಟೇ.

ಹಾಗಾದರೆ ವುಲ್ಫನನ್ನೂ ಗ್ರೇಯನ್ನೂ ಕಲಿಸಿದ್ದು ವ್ಯರ್ಥವಾಯಿತೇನು? ಇಲ್ಲಿ ಶ್ರೀ ಬಿ. ಎಂ. ಶ್ರೀಕಂಠಯ್ಯನವರನ್ನು ನೆನೆಯಬೇಕು. ಅವರಿಗೂ ಮುಂಚೆ, 1919ರಲ್ಲಿ, ಹಟ್ಟಿಯಂಗಡಿ ನಾರಾಯಣರಾಯರು ‘ಆಂಗ್ಲ ಕವಿತಾವಳಿ’ಯನ್ನು ಹೊರತಂದಿದ್ದರು. 1926ರ ‘ಇಂಗ್ಲಿಷ್ ಗೀತಗಳು’ ಗ್ರಂಥದಲ್ಲಿ ಶ್ರೀಯವರು ತಾಮಸ್ ಕ್ಯಾಂಬೆಲ್ಲನ ಲಾವಣಿಯನ್ನು ‘ಕಾರಿಹೆಗ್ಗಡೆಯ ಮಗಳು’ ಮಾಡಿದರು. ಬಿರುಗಾಳಿಯ ನೀರಿನಲ್ಲಿ ಮುಳುಗುವ ಮಗಳನ್ನು ದಡದಿಂದ ಕೂಗುವ ಸ್ಕಾಟ್ಲೆಂಡಿನ ತಂದೆಯು ಕನ್ನಡದ ಹೆಗ್ಗಡೆಯಾದನು. ಆ ತಂದೆಯ ಶೋಕವನ್ನು ಅರಿಯಲು ಯಾವ ನಿಘಂಟು ಬೇಕು? ಕ್ರೌಂಚದ ಶೋಕವು ಶ್ಲೋಕವಾದ ನಾಡು ನಮ್ಮದು. ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಶ್ರೀಯವರು 1911ರಲ್ಲಿ ಉಪನ್ಯಾಸ ಮಾಡಿದ್ದು ಧಾರವಾಡದಲ್ಲಿ. 1946ರಲ್ಲಿ ಕಣ್ಣುಮುಚ್ಚಿದ್ದೂ ಧಾರವಾಡದಲ್ಲಿಯೇ. ಶ್ರೀವಿಜಯನು ದಂಡಿಯಿಂದ ಪಡೆದಂತೆ ಇವರು ಆಂಗ್ಲರಿಂದ ಪಡೆದರು. ಪಡೆದುದು ನಮ್ಮ ಮನೆಯದೇ ಆಯಿತು.

ಕಡೆಯದಾಗಿ ರಾಮದುರ್ಗ. 1948ರ ತನಕ ಭಾವೆ ಮನೆತನದವರ ಸಂಸ್ಥಾನವಾಗಿದ್ದ ಈ ಊರು ಮಲಪ್ರಭೆಯ ನೆರೆಯಲ್ಲಿದೆ. ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳ. ರಾಮನು ಬರುವನೆಂದು ಶಬರಿಯು ಕಾದದ್ದು ಇಲ್ಲಿಯೇ ಎಂದು ಜನರ ನಂಬುಗೆ. ಅಲ್ಲಿಯ ನೆರಳಲ್ಲಿ ಕುಳಿತು ನ್ಯೂಮನ್ನನ ಪ್ರಾರ್ಥನಾಗೀತವನ್ನು ನೆನೆದೆನು. ಸಿಸಿಲಿಯಲ್ಲಿ ಜ್ವರದಿಂದ ಸಾವಿನ ಬಾಗಿಲು ಮುಟ್ಟಿ ಬಂದ ಆ ತರುಣ ಪಾದ್ರಿಯು, ಕಿತ್ತಳೆ ಹೇರಿದ ಹಡಗಿನಲ್ಲಿ ಊರಿಗೆ ಮರಳುತ್ತಿರಲು, ಗಾಳಿಯಿಲ್ಲದೆ ಹಡಗು ನಡುಗಡಲಲ್ಲಿ ನಿಂತುಬಿಟ್ಟಿತು. 1833ರ ಜೂನ್ ತಿಂಗಳಿನ ಆ ದಿನಗಳಲ್ಲಿ ಬರೆದದ್ದು ಆ ಗೀತ. ಗಾಂಧೀಜಿಯವರಿಗೆ ಅದು ಪ್ರಿಯ. ಶ್ರೀಯವರ ಕನ್ನಡದಲ್ಲಿ ಅದನ್ನು ಹಾಡದ ಶಾಲೆಯೇ ನಮ್ಮಲ್ಲಿ ವಿರಳ. ಗಾಳಿಗಾಗಿ ಕಾದ ನ್ಯೂಮನ್ನನೂ, ಹಣ್ಣುಗಳನ್ನಿಟ್ಟುಕೊಂಡು ಕಾದ ಶಬರಿಯೂ ಒಂದೇ ಶಾಲೆಯ ವಿದ್ಯಾರ್ಥಿಗಳೆಂದು ನನಗೆ ತೋರಿತು.

ಊರಿಗೆ ಮರಳಿದ ಮೇಲೆ ಆ ಹುಡುಗನನ್ನು ವಿಚಾರಿಸಿದೆನು. ಈಗ ಅವನಿಗೇ ಶಾಲೆಗೆ ಹೋಗುವ ಮಕ್ಕಳಿರುವರು. ಮುದುಕಿಯ ಬಾಯಿಂದ ಬರೆದುಕೊಂಡ ಪದವನ್ನು ಅವನಿಗೆ ಕೊಟ್ಟು, “ಅಂದ ಕೇಳಿದ್ದೆಲ್ಲಪ್ಪಾ, ತಗೋ” ಎಂದೆನು. ಅವನು ಅದನ್ನು ಓದಲಿಲ್ಲ. ಒಳಗಿದ್ದ ತನ್ನ ತಾಯಿಯನ್ನು ಕರೆದು ಹಾಡಿಸಿದನು. ಆಕೆಗೆ ಇನ್ನೂ ನಾಲ್ಕು ನುಡಿ ಹೆಚ್ಚಿಗೆ ಬರುತ್ತಿದ್ದವು.

ಗೃಹಸ್ಥರೇ, ನಿಮ್ಮ ಮಕ್ಕಳು ಆಂಗ್ಲ ಪದ್ಯಗಳನ್ನು ಅವಶ್ಯವಾಗಿ ಕಲಿಯಲಿ. ಕಲಿತು ಬಂದ ಸಂಜೆ, ಮನೆಯಲ್ಲಿರುವ ಅಜ್ಜಿಗೆ ಒಂದು ಹಾಡು ಹೇಳೆಂದು ಕೇಳಲಿ. ಒಲೆ ಹೊತ್ತಿಸುವ ಮೊದಲು ಹಾಳೆಯಲ್ಲಿ ಏನಿದೆಯೆಂದು ನೋಡುವದು ಒಳ್ಳೆಯದು.